ನಮ್ಮ ಲಾಂಡ್ರಿಯ ನಗಾರಿಯನ್ನು ವರ್ಗ ಮಾಡಬೇಡಿ

ಮಾನ್ಯ ಆಡಳಿತಾಧಿಕಾರಿಗಳೇ,

ಮೊನ್ನೆ ಭಾನುವಾರ ಮಧ್ಯಾಹ್ನ ಉಂಡು ಮಲಗಿದವನಿಗೆ ಒಂದು ಕೆಟ್ಟ ಕನಸು ಬಿತ್ತು. ಅದರಲ್ಲಿ ತಾವಿದ್ದಿರಿ. ಆಸ್ಪತ್ರೆಯ ಉದ್ದಕ್ಕೂ ಹಾಸಿದಂಥ ಒಂದು ಬೆಡ್‌ಶೀಟು. ಈ ಕಡೆಯ ಎರಡು ಮೂಲೆ ನನ್ನ ಕೈಯಲ್ಲಿ, ಆ ಕಡೆಯ ಎರಡು ಮೂಲೆ ತಮ್ಮ ಕೈಯಲ್ಲಿ. ಮಡಚಬೇಕೆಂದರೆ ಇಬ್ಬರೂ ಎದುರುಬದುರು ನಡೆದು ಬರಬೇಕಲ್ಲ, ನಾನು ನಡೆದೆ, ನಡೆದೆ, ಕಾಲು ಸೋಲುವ ತನಕ ನಡೆದೆ. ತಾವು ನಿಂತಲ್ಲಿಂದ ಕದಲಲಿಲ್ಲ. "ಸ್ವಾಮೀ, ಒಂದು ಹೆಜ್ಜೆ ಮುಂದೆ ಬನ್ನಿ" ಎಂದು ಕೂಗಿದರೆ, "ವರದಿಯ ಪ್ರಕಾರ ನಾವಿಬ್ಬರೂ ಈಗಾಗಲೇ ಹತ್ತಿರವಾಗಿದ್ದೇವೆ" ಎಂದಿರಿ. ಅಷ್ಟರಲ್ಲಿ ಶೀಟಿನ ನಡುವೆ ಏನೋ ಗಂಟು ಮಿಸುಕಾಡಿತು. ಬಗ್ಗಿ ನೋಡಿದರೆ ನಮ್ಮ ನಗಾರಿ! ಮಡಿಕೆಯೊಳಗೆ ಸಿಕ್ಕಿಕೊಂಡು ಬಾಯಿ ಬಡಿದುಕೊಳ್ಳುತ್ತಿದ್ದಾಳೆ, ಆದರೆ ಒಂದಿಷ್ಟೂ ಸದ್ದು ಬರುತ್ತಿಲ್ಲ. ಅವಳ ಬಾಯಿಂದ ಸದ್ದು ಬರದೇ ಇರುವುದನ್ನು ಹತ್ತೊಂಬತ್ತು ವರ್ಷದಲ್ಲಿ ನಾನು ಕಂಡವನಲ್ಲ. ಆ ಗಾಬರಿಗೇ ಎಚ್ಚರವಾಯಿತು. ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಏನ್ರೀ, ಹಗಲು ಹೊತ್ತಲ್ಲೂ ಶುರುವಾಯ್ತಾ ನಿಮ್ಮ ಚಿಂತೆ?" ಎಂದಳು.

ಶುರುವಾಯಿತು ಸ್ವಾಮಿ. ಶುರು ಮಾಡಿದವರು ತಾವು. ನಮ್ಮ ಲಾಂಡ್ರಿಯ ಮಡಚುವ ವಿಭಾಗದ, ನಾವು ನಗಾರಿ ಎನ್ನುವ ಹೆಣ್ಣುಮಗಳನ್ನು "ತಂಡದ ಒಗ್ಗಟ್ಟಿನ ಹಿತದೃಷ್ಟಿಯಿಂದ" ಊರಾಚೆಯ ಶಾಖಾ ಆಸ್ಪತ್ರೆಗೆ ವರ್ಗ ಮಾಡಿದ್ದೀರಿ. ಬರುವ ಒಂದನೇ ತಾರೀಖಿಗೆ ಅವಳು ಅಲ್ಲಿರಬೇಕಂತೆ. ಅವಳು ಹೋದರೆ ನಮ್ಮ ಜಗಳ ಹೋಗುತ್ತದೆ ಎಂದು ತಾವು ನಂಬಿದ್ದೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ಕೇಳಿದ್ದೆ. ತಾವು ಎಮ್ಮೆಗೆ ಬರೆಯನ್ನೂ ಹಾಕಿ, ಕೊಟ್ಟಿಗೆಯಿಂದಲೂ ಹೊರಗಟ್ಟುತ್ತಿದ್ದೀರಿ. ಎತ್ತುಗಳು ಮಾತ್ರ ಕೊಟ್ಟಿಗೆಯಲ್ಲೇ ಜ್ವರ ಕಾಯಿಸಿಕೊಂಡು ನಿಂತಿವೆ. ಆ ಜ್ವರ ಎಲ್ಲಿಂದ ಬಂತು ಎಂದು ನನಗೆ ಗೊತ್ತು. ಅದನ್ನು ಹೇಳುವುದಕ್ಕೇ ಈ ಪತ್ರ.

ನಾನು ತಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹರಿದ ಬೆಡ್‌ಶೀಟು, ದಿಂಬಿನ ಚೀಲ, ರೋಗಿಗಳ ಗೌನು ಹೊಲಿಯುವ ದರ್ಜಿ. ತಾವು ನನ್ನನ್ನು ನೋಡಿರಲಾರಿರಿ, ನನ್ನ ಹೊಲಿಗೆಯ ಮೇಲೆ ಎಷ್ಟೋ ಜನ ಮಲಗಿ ಎದ್ದಿದ್ದಾರೆ. ಓದಿದ್ದು ಏಳನೇ ಕ್ಲಾಸಿನ ಅರ್ಧ, ನಡುವೆ ಎರಡು ವರ್ಷ ಬಿಟ್ಟು ಎಂಟನೆಯದರಲ್ಲಿ ಮೂರು ತಿಂಗಳು. ಹಾಗಾಗಿ ಈ ಪತ್ರದಲ್ಲಿ ವ್ಯಾಕರಣ ಹರಿದಿದ್ದರೆ ತೇಪೆ ಹಾಕಿಕೊಂಡು ಓದಿ. ನಾಲ್ಕು ಸಲ ತಿದ್ದಿದ್ದೇನೆ. ಐದನೇ ಸಲ ತಿದ್ದಲು ಕೂತಾಗ ಹೆಂಡತಿ ಪೆನ್ನು ಕಿತ್ತುಕೊಂಡಳು.

ಮೊದಲು ನಮ್ಮ ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳಬೇಕು, ಇಲ್ಲದಿದ್ದರೆ ನಮ್ಮ ಜಗಳ ತಮಗೆ ಕಾಣಿಸುವುದಿಲ್ಲ. ದೊಡ್ಡ ಬೆಡ್‌ಶೀಟನ್ನು ಒಬ್ಬರೇ ಮಡಚಲಾಗದು. ಇಬ್ಬರು ಬೇಕು. ಎದುರುಬದುರು ನಿಂತು, ಎಳೆದು, ಝಾಡಿಸಿ, ನಡೆದು ಬಂದು, ಒಬ್ಬರ ಕೈಯ ಮೂಲೆಯನ್ನು ಇನ್ನೊಬ್ಬರ ಕೈಗೆ ಕೊಡಬೇಕು. ದಿನಕ್ಕೆ ಏನಿಲ್ಲವೆಂದರೂ ಆರುನೂರು ಶೀಟು. ಯಾರು ಯಾರೊಂದಿಗೆ ಮಡಚಬೇಕು ಎಂದು ಯಾರೂ ಹೇಳುವುದಿಲ್ಲ. ಬೆಳಿಗ್ಗೆ ಡ್ರೈಯರಿನಿಂದ ಮೊದಲ ಟ್ರಾಲಿ ಬಂದಾಗ ತಾವಾಗಿ ಜೋಡಿಯಾಗುತ್ತಾರೆ. ನಮ್ಮಲ್ಲಿ ಮನಸ್ತಾಪವನ್ನು ಬಾಯಲ್ಲಿ ಆಡುವುದಿಲ್ಲ, ಮೂಲೆಯಲ್ಲಿ ತೋರಿಸುತ್ತೇವೆ. ಯಾರು ಯಾರ ಮೂಲೆ ಹಿಡಿಯಲಿಲ್ಲ ಎಂದು ನೋಡಿದರೆ ಸಾಕು, ನಿನ್ನೆ ಏನು ನಡೆಯಿತು ಎಂದು ತಿಳಿಯುತ್ತದೆ. ನನ್ನ ಹೊಲಿಗೆ ಯಂತ್ರ ಗೋಡೆಯ ಪಕ್ಕದಲ್ಲಿದೆ. ನನಗೆ ಜೋಡಿ ಬೇಕಿಲ್ಲ. ಹಾಗಾಗಿ ಎಲ್ಲ ಕಾಣುತ್ತದೆ, ಕಾಣುವುದೇ ನನ್ನ ಕಾಯಿಲೆ.

ನಾವು ಒಟ್ಟು ಹನ್ನೆರಡು ಜನ. ಅವರಲ್ಲಿ ಹಿರಿಯಕ್ಕ ಎಂದರೆ ಮಡಚುವ ಮೇಜಿನ ಹಿರಿಯರು, ಮೂವತ್ತು ವರ್ಷದ ಸರ್ವೀಸು, ಕಣ್ಣಲ್ಲೇ ಕಲೆ ಹುಡುಕುವವರು. ಬಾಯ್ಲರಣ್ಣ ಎಂದರೆ ಬಾಯ್ಲರು, ಒಗೆಯುವ ಯಂತ್ರ ಎರಡನ್ನೂ ನೋಡಿಕೊಳ್ಳುವವರು. ಇಬ್ಬರೂ ಒಳ್ಳೆಯವರು. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಏಕೆಂದರೆ ಕೆಟ್ಟವರ ನಡುವಿನ ಜಗಳ ಸುಲಭ, ನಾಲ್ಕು ಮಾತಿನಲ್ಲಿ ಮುಗಿಯುತ್ತದೆ. ಒಳ್ಳೆಯವರ ಜಗಳ ಮುಗಿಯುವುದೇ ಇಲ್ಲ.

ಹನ್ನೊಂದು ತಿಂಗಳ ಹಿಂದೆ ನಮ್ಮ ಮೇಲ್ವಿಚಾರಕರು ನಿವೃತ್ತರಾದರು. ಬೀಳ್ಕೊಡುಗೆಗೆ ತಾವು ಕೆಳಗೆ ಬಂದು ಹೂಗುಚ್ಛ ಕೊಟ್ಟು ಹೋದಿರಿ. ಹೋಗುವಾಗ ಕಾರಿಡಾರಿನಲ್ಲಿ ಹಿರಿಯಕ್ಕ ಸಿಕ್ಕಿದರು. ಅವರ ಹೆಗಲು ತಟ್ಟುವಷ್ಟು ಪ್ರೀತಿಯಿಂದ, "ಹೊಸಬರು ಬರೋ ತನಕ ಲಾಂಡ್ರಿ ನಿಮ್ಮ ಜವಾಬ್ದಾರಿ ಅಮ್ಮಾ" ಎಂದಿರಿ. ಆಮೇಲೆ ಲಿಫ್ಟು ಹತ್ತಿದಿರಿ. ಲಿಫ್ಟಿನಲ್ಲಿ ಬಾಯ್ಲರಣ್ಣ ಇದ್ದರು. ಒಂದು ಮಹಡಿ ಏರುವಷ್ಟರಲ್ಲಿ ಅವರಿಗೂ ಅದೇ ಮಾತು: "ಹೊಸಬರು ಬರೋ ತನಕ ಲಾಂಡ್ರಿ ನಿಮ್ಮ ಜವಾಬ್ದಾರಿ ಅಣ್ಣಾ." ತಾವು ತಮ್ಮ ಕೋಣೆಗೆ ಹೋಗಿ ಮರೆತಿರಿ. ಹೊಸಬರು ಇವತ್ತಿಗೂ ಬಂದಿಲ್ಲ.

ಇದು ನನಗೆ ಹೇಗೆ ಗೊತ್ತು? ಇಬ್ಬರೂ ನನಗೇ ಬಂದು ಹೇಳಿದರು. ಒಂದೇ ವಾರದಲ್ಲಿ. ಹಿರಿಯಕ್ಕ ಕುಪ್ಪಸಕ್ಕೆ ಕೊಕ್ಕೆ ಹೊಲಿಸಿಕೊಳ್ಳುವ ನೆವದಲ್ಲಿ ಬಂದು, "ನೋಡಪ್ಪಾ, ಸಾಹೇಬ್ರು ನಂಗೆ ಹೇಳಿದಾರೆ. ನಾನು ಯಾರ ಹತ್ರಾನೂ ಹೇಳ್ಕೊಂಡಿಲ್ಲ. ಬಾಯ್ಲರಣ್ಣ ಏನೋ ಯಜಮಾನಿಕೆ ಮಾಡ್ತಾನೆ, ಮಾಡ್ಕೊಳ್ಳಿ ಪಾಪ, ಗಂಡಸು, ಬೇಜಾರಾದೀತು" ಎಂದರು. ಎರಡು ದಿನ ಬಿಟ್ಟು ಬಾಯ್ಲರಣ್ಣ ಷರಟಿನ ಗುಂಡಿ ಹಿಡಿದು ಬಂದು, "ಟೈಲರೇ, ಸಾಹೇಬ್ರು ಜವಾಬ್ದಾರಿ ಕೊಟ್ಟಿದ್ದು ನಂಗೆ. ಆ ಯಮ್ಮ ಎಲ್ಲದಕ್ಕೂ ಆರ್ಡರ್ ಹಾಕ್ತಾರೆ. ಹೋಗ್ಲಿ, ದೊಡ್ಡೋರು, ನೋವು ಮಾಡೋದು ಬೇಡ ಅಂತ ನುಂಗ್ಕೊಂಡಿದೀನಿ" ಎಂದರು. ಇಬ್ಬರೂ ಹೋಗುವಾಗ ಹೇಳಿದ್ದು ಒಂದೇ: "ನಿಮ್ಮಲ್ಲೇ ಇರ್ಲಿ."

ನನ್ನಲ್ಲೇ ಇತ್ತು ಸ್ವಾಮಿ. ಹನ್ನೊಂದು ತಿಂಗಳು ಇತ್ತು. ಹಿರಿಯಕ್ಕನಿಗೆ ಹೇಳಿದರೆ ಬಾಯ್ಲರಣ್ಣನ ಮಾತು ಒಡೆದಂತೆ. ಬಾಯ್ಲರಣ್ಣನಿಗೆ ಹೇಳಿದರೆ ಹಿರಿಯಕ್ಕನಿಗೆ ದ್ರೋಹ. ಇಬ್ಬರನ್ನೂ ಕೂರಿಸಿಕೊಂಡು ಹೇಳಿದರೆ, "ಇಷ್ಟು ದಿನ ಏಕೆ ಹೇಳಲಿಲ್ಲ" ಎಂದು ಇಬ್ಬರೂ ಸೇರಿ ನನಗೇ ಬಡಿಯುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಕಾಯುತ್ತ ಕೂತೆ. ಹಾವು ದಪ್ಪವಾಯಿತು. ಕೋಲಿಗೆ ಗೆದ್ದಲು ಹತ್ತಿತು.

ಎಷ್ಟೊಂದು ದೊಡ್ಡತನ, ನೋಡಿ! ಇಬ್ಬರೂ ಪರಸ್ಪರ ಕ್ಷಮಿಸುತ್ತಲೇ ಇದ್ದರು. ಕ್ಷಮಿಸಿದಷ್ಟೂ ಒಳಗೆ ಉರಿ. ತಿಂಗಳು ಕಳೆಯುವಷ್ಟರಲ್ಲಿ ಮಡಚುವ ಆರು ಹೆಂಗಸರಲ್ಲಿ ಮೂವರು ಹಿರಿಯಕ್ಕನ ಕಿಟಕಿಯ ಕಡೆಗಾದರು, ಮೂವರು ಬಾಯ್ಲರಣ್ಣನ ಇಸ್ತ್ರಿ ರೋಲರಿನ ಕಡೆಗಾದರು. ಯಾರೂ ಜಗಳ ಆಡಲಿಲ್ಲ. ಅಯ್ಯೋ, ಆಡಿದ್ದರೆ! ಮಾತು ಮಾತಿಗೆ "ದಯವಿಟ್ಟು" ಬಂತು. ಮೊದಲು "ಏ, ಆ ಬುಟ್ಟಿ ತಳ್ಳೇ" ಎನ್ನುತ್ತಿದ್ದವರು "ದಯವಿಟ್ಟು ಆ ಬುಟ್ಟಿಯನ್ನು ಈ ಕಡೆ ಕಳಿಸಿದರೆ ಉಪಕಾರವಾಗುತ್ತಿತ್ತು" ಎನ್ನತೊಡಗಿದರು. ಈಗ ನಮ್ಮಲ್ಲಿ ಯಾರಾದರೂ ದಯವಿಟ್ಟು ಎಂದರೆ ನನ್ನ ಮೈ ಜುಮ್ ಎನ್ನುತ್ತದೆ, ಸೂಜಿ ತಪ್ಪಿ ಬೆರಳಿಗೆ ಹೋಗುತ್ತದೆ. ತಮ್ಮ ಕಚೇರಿಯವರು ತಿಂಗಳಿಗೊಮ್ಮೆ ಬಂದು ನೋಡಿ, "ಎಷ್ಟು ಶಾಂತವಾಗಿದೆ ಇಲ್ಲಿ!" ಎಂದು ಹೊಗಳಿ ಹೋದರು. ಬೂದಿ ಮುಚ್ಚಿದ ಕೆಂಡದ ಮುಂದೆ ನಿಂತು ಚಳಿ ಬಿಟ್ಟಿತು ಎಂದು ಸಂತೋಷಪಟ್ಟ ಹಾಗೆ.

ಇನ್ನು ನಗಾರಿ. ಅವಳು ಮಡಚುವವರಲ್ಲಿ ಏಳನೆಯವಳು. ಗಂಟಲು ಹಾಗಿರುವುದರಿಂದ ಆ ಹೆಸರು. ಅವಳು ಕಿಟಕಿಯವಳೂ ಅಲ್ಲ, ರೋಲರಿನವಳೂ ಅಲ್ಲ. ಮೂವರಲ್ಲಿ ಇಬ್ಬರು ಜೋಡಿಯಾದರೆ ಒಬ್ಬಳು ಉಳಿಯುತ್ತಾಳಲ್ಲ, ಆ ಕಡೆ ಒಬ್ಬಳು, ಈ ಕಡೆ ಒಬ್ಬಳು. ನಗಾರಿ ಇಲ್ಲಿ ಹತ್ತು ಶೀಟು ಮಡಚಿ ಅಲ್ಲಿಗೆ ಓಡುತ್ತಿದ್ದಳು, ಅಲ್ಲಿ ಹತ್ತು ಮಡಚಿ ಇಲ್ಲಿಗೆ. ಓಡುವಾಗ ಸುಮ್ಮನೆ ಓಡುವುದಿಲ್ಲ. "ಏನ್ರೇ, ಇದೇನು ಆಸ್ಪತ್ರೆನೋ ಎರಡು ದೇಶಾನೋ? ನಂಗೆ ಪಾಸ್‌ಪೋರ್ಟ್ ಮಾಡ್ಸಿಕೊಡಿ ಹಂಗಾದ್ರೆ!" ಎಂದು ಕೂಗುತ್ತ ಓಡುತ್ತಾಳೆ. ಹಿರಿಯಕ್ಕನಿಗೆ ಎದುರಿಗೇ, "ಅಕ್ಕಾ, ಇಲ್ಲಿ ಯಾರ ಮಾತು ನಡೀಬೇಕು ಹೇಳ್ಬಿಡಿ, ನಿಮ್ದೋ ಅವ್ರದೋ?" ಎನ್ನುತ್ತಾಳೆ. ಬಾಯ್ಲರಣ್ಣನಿಗೂ ಅದನ್ನೇ. ಇಬ್ಬರೂ ಒಂದೇ ಉತ್ತರ ಕೊಡುತ್ತಾರೆ: "ಹಂಗೇನಿಲ್ಲಮ್ಮಾ, ನಾವೆಲ್ಲ ಒಂದೇ."

ನಾವೆಲ್ಲ ಒಂದೇ ಎನ್ನುವ ಕಡೆ ಹುಷಾರಾಗಿರಬೇಕು ಸ್ವಾಮಿ.

ಕಳೆದ ತಿಂಗಳು ಅದು ಹೊರಗೆ ಬಂತು. ಆಪರೇಷನ್ ಕೋಣೆಯ ಹಸಿರು ಬಟ್ಟೆ ಮೊದಲು ಹಾಕಿ ಎಂದು ಹಿರಿಯಕ್ಕ ಯಂತ್ರದ ಇಬ್ಬರಿಗೆ ಹೇಳಿದರು. ವಾರ್ಡಿನ ಶೀಟು ಮೊದಲು ಎಂದು ಬಾಯ್ಲರಣ್ಣ ಅದಕ್ಕೂ ಮುಂಚೆ ಹೇಳಿದ್ದರು. ಯಂತ್ರದವರು ಜಾಣರು. ಇಬ್ಬರ ಮಾತನ್ನೂ ಮೀರಬಾರದೆಂದು ಯಾವುದನ್ನೂ ಹಾಕಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಗಾಡಿ ಹೊಡೆಯುವವನು ಬೀಡಿ ಹಚ್ಚಿಕೊಂಡು ಕೂತ. ಹಿರಿಯಕ್ಕ, "ಬಾಯ್ಲರಣ್ಣನನ್ನೇ ಕೇಳಿ" ಎಂದರು. ಬಾಯ್ಲರಣ್ಣ, "ಹಿರಿಯಕ್ಕ ಹೇಳಿದ ಮೇಲೆ ಮುಗೀತು" ಎಂದರು. ಒಂದೂವರೆ ತಾಸು ಯಂತ್ರ ಖಾಲಿ ಬಾಯಿ ತೆರೆದುಕೊಂಡಿತ್ತು. ಮೇಲಿಂದ ಫೋನು ಬಂತು, ಎತ್ತಿದ್ದು ನಗಾರಿ. ಆಮೇಲೆ ಅವಳು ಕೂಗಿದ್ದು ನನಗೆ ಪದಪದ ನೆನಪಿದೆ: "ಮೇಲೆ ಒಬ್ಬನ ಹೊಟ್ಟೆ ಕುಯ್ಯೋಕೆ ಕಾಯ್ತಿದಾರೆ, ಅವ್ನು ಬೆಳಗಿಂದ ಒಂದು ಗುಟುಕು ನೀರಿಲ್ದೆ ಮಲಗಿದಾನೆ, ನೀವಿಲ್ಲಿ ನೀವು ಮೊದ್ಲು ನೀವು ಮೊದ್ಲು ಅಂತ ಮರ್ಯಾದೆ ಮಾಡ್ಕೊಂಡು ನಿಂತಿದೀರಾ! ಸರೀರೋ ಪಕ್ಕಕ್ಕೆ!" ಹಸಿರು ಬಟ್ಟೆಯನ್ನು ತಾನೇ ಯಂತ್ರಕ್ಕೆ ತುಂಬಿದಳು. ಒಣಗಿದ ಮೇಲೆ ಲಿಫ್ಟಿಗೆ ಕಾಯದೆ ಗಂಟು ಹೊತ್ತು ಮೆಟ್ಟಿಲು ಹತ್ತಿ ಎರಡನೇ ಮಹಡಿಗೆ, ಬಟ್ಟೆಗೆ ಹಬೆ ಕೊಡುವ ಕೋಣೆಗೆ ಮುಟ್ಟಿಸಿದಳು. ಬೆಳಗಿನ ಆಪರೇಷನ್ನು ಮಧ್ಯಾಹ್ನ ಆಯಿತು. ಆಯಿತಲ್ಲ, ಅದು ಅವಳಿಂದ.

ತಮ್ಮ ಕಡತದಲ್ಲಿ ಅದು ಹೇಗೆ ದಾಖಲಾಯಿತು? "ಒಬ್ಬ ಸಿಬ್ಬಂದಿಯ ಕೂಗಾಟ ಮೇಲಿನ ಮಹಡಿಗಳಿಗೂ ಕೇಳಿಸಿದೆ." ಬಟ್ಟೆ ತಡವಾದದ್ದು ಕೇಳಿಸಲಿಲ್ಲ, ತಡವಾಯಿತೆಂದು ಕೂಗಿದ್ದು ಕೇಳಿಸಿತು. ಸದ್ದು ಬಂದಲ್ಲಿ ಜಗಳ, ಸದ್ದಿಲ್ಲದಲ್ಲಿ ಶಾಂತಿ ಎಂದು ಯಾವ ಪುಸ್ತಕದಲ್ಲಿ ಬರೆದಿದೆ? ನಾನು ಬಿಟ್ಟುಬಂದ ಎಂಟನೇ ಕ್ಲಾಸಿನ ಉಳಿದ ಪಾಠಗಳಲ್ಲೇನಾದರೂ ಇತ್ತೇ?

ಆಮೇಲೆ ತಾವು ಒಗ್ಗಟ್ಟಿನ ತರಬೇತುದಾರರನ್ನು ಕಳಿಸಿದಿರಿ. ಒಳ್ಳೆಯ ಯುವಕರು, ನಗುಮುಖ, ಕತ್ತಿಗೆ ಸೀಟಿ. ಮೊದಲು ಚೆಂಡು ಎಸೆಯುವ ಆಟ ಆಡಿಸಿದರು. ಕಿಟಕಿಯವರು ಕಿಟಕಿಯವರಿಗೇ ಎಸೆದರು, ರೋಲರಿನವರು ರೋಲರಿನವರಿಗೇ. ಅವರು ಚಪ್ಪಾಳೆ ತಟ್ಟಿ, "ಚೆಂಡು ಒಂದು ಸಲವೂ ನೆಲಕ್ಕೆ ಬೀಳಲಿಲ್ಲ!" ಎಂದರು. ಆಮೇಲೆ ನಂಬಿಕೆಯ ಆಟ. ಒಬ್ಬರು ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಮಿಕ್ಕವರು ಹಿಡಿಯಬೇಕು. ಬಾಯ್ಲರಣ್ಣ ಕಣ್ಣು ಮುಚ್ಚಿ ಬಿದ್ದರು. ಕಿಟಕಿಯವರು ಹಿಡಿಯಲಿ, ನೋಡೋಣ ಎಂದು ರೋಲರಿನವರು ನಿಂತರು. ಕಿಟಕಿಯವರು, ಅವರ ಅಣ್ಣನನ್ನು ನಾವು ಮುಟ್ಟಿದರೆ ತಪ್ಪು ತಿಳಿದಾರು ಎಂದು ನಿಂತರು. ನಾನು ಯಾರು ಹಿಡಿಯುತ್ತಾರೋ ಎಂಬ ಚಿಂತೆಯಲ್ಲಿ ನಿಂತೆ. ನೆಲಕ್ಕೆ ಇನ್ನು ಒಂದು ಮೊಳ ಇದೆ ಎನ್ನುವಾಗ ನಗಾರಿ ಅವರ ಕಾಲರು ಹಿಡಿದು ಎತ್ತಿದಳು. "ಏನಣ್ಣಾ, ಈ ವಯಸ್ಸಲ್ಲಿ ಯಾರನ್ನ ನಂಬಿ ಬಿದ್ದೆ?" ಎಂದಳು. ಕಾಲರು ಹರಿಯಿತು, ನಾನೇ ಹೊಲಿದುಕೊಟ್ಟೆ. ವರದಿಯಲ್ಲಿ ಅದೂ ಬಂದಿದೆ: "ಒಬ್ಬರು ಚಟುವಟಿಕೆಗೆ ಅಡ್ಡಿಪಡಿಸಿದರು."

ಕೊನೆಗೆ ಚೀಟಿ ಹಂಚಿದರು. ಬರೆಯುವವರ ಹೆಸರು ಬೇಕಿಲ್ಲ, ಗುಟ್ಟಾಗಿರುತ್ತದೆ, "ತಂಡದ ಒಗ್ಗಟ್ಟಿಗೆ ಅಡ್ಡಿಯಾಗಿರುವ ಒಬ್ಬರನ್ನು ಸೂಚಿಸಿ." ಗುಟ್ಟಾಗಿ ಬರೆಯಲು ಎಲ್ಲಿ ಕೂರಿಸಿದರು ಗೊತ್ತೇ? ಮಡಚುವ ಮೇಜಿನ ಸುತ್ತ, ಮೊಣಕೈಗೆ ಮೊಣಕೈ ತಾಗಿಸಿ. ಈಗ ತಾವೇ ಹೇಳಿ, ಹಿರಿಯಕ್ಕನ ಪಕ್ಕ ಕೂತು ಹಿರಿಯಕ್ಕ ಎಂದು ಯಾರು ಬರೆಯುತ್ತಾರೆ? ಬಾಯ್ಲರಣ್ಣನ ಎದುರು ಬಾಯ್ಲರಣ್ಣ ಎಂದು? ನಾಳೆ ಬೆಳಿಗ್ಗೆ ಶೀಟಿನ ಮೂಲೆ ಹಿಡಿಯುವವರು ಬೇಡವೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ನನ್ನದು, ಮೊದಲು ನನ್ನ ಹೆಸರನ್ನೇ ಬರೆಯೋಣ ಎನ್ನಿಸಿತು. ಆಮೇಲೆ ಭಯವಾಯಿತು. ಆಮೇಲೆ, ಸ್ವಾಮಿ, ನಗಾರಿ ಎಂದು ಬರೆದೆ.

ಏಕೆ ಬರೆದೆ? ಅವಳ ಮೇಲೆ ಸಿಟ್ಟಿರಲಿಲ್ಲ. ಅವಳು ಗೊತ್ತಾದರೂ ಬೈದು ಮರೆಯುತ್ತಾಳೆ, ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ ಎಂಬ ಧೈರ್ಯ. ಆಮೇಲೆ ಒಬ್ಬೊಬ್ಬರನ್ನೇ ಕೇಳಿದೆ. ಯಂತ್ರದವನೊಬ್ಬ, "ಅವಳಾದ್ರೆ ಏನೂ ಅಂದ್ಕೊಳ್ಳಲ್ಲ ಟೈಲರಣ್ಣಾ" ಎಂದ. ಕಿಟಕಿಯವಳೊಬ್ಬಳು, "ನಾನೊಬ್ಳೇ ಬರೆದಿರ್ತೀನಿ, ಒಂದು ಓಟಿಗೆ ಏನಾಗತ್ತೆ ಅಂತ" ಎಂದು ಮುಖ ಮುಚ್ಚಿಕೊಂಡಳು. ಒಬ್ಬೊಬ್ಬರೂ ತಾವೊಬ್ಬರೇ ಎಂದುಕೊಂಡಿದ್ದರು. ನಮ್ಮನ್ನು ಕ್ಷಮಿಸಬಲ್ಲವಳು ಯಾರು ಎಂದು ಕೇಳಿದ್ದರೂ ನಾವು ಇದೇ ಹೆಸರು ಬರೆಯುತ್ತಿದ್ದೆವು. ತಾವು ಅದನ್ನು ಅಪರಾಧಿಯ ಪಟ್ಟಿ ಎಂದು ಓದಿದಿರಿ.

ಅವಳಿಗೆ ಆರ್ಡರು ಬಂದ ದಿನ ನಾವೆಲ್ಲ ನೆಲ ನೋಡುತ್ತಿದ್ದೆವು. ಅವಳು ಓದಿ, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡು, "ಏನ್ರಪ್ಪಾ, ಯಾರಾದ್ರೂ ಸತ್ರಾ? ಶೀಟು ಹಿಡೀರೇ, ಬಿಸಿ ಆರಿದ್ರೆ ಸುಕ್ಕು ಹೋಗಲ್ಲ" ಎಂದಳು. ಅಷ್ಟೇ. ಆದರೆ ಊಟದ ಹೊತ್ತಿಗೆ ನಾನು ಅವಳ ಹಿಂದೆಯೇ ಮೂರನೇ ಮಹಡಿಗೆ ಹೋದೆ. ತಮಗೆ ಇದು ಗೊತ್ತಿಲ್ಲ, ಗೊತ್ತಿದ್ದರೆ ಸಹಿ ಹಾಕುತ್ತಿರಲಿಲ್ಲ ಎಂದುಕೊಂಡಿದ್ದೇನೆ. ಅವಳ ಗಂಡನಿಗೆ ವಾರಕ್ಕೆ ಮೂರು ಸಲ ತಮ್ಮ ಆಸ್ಪತ್ರೆಯಲ್ಲೇ ಡಯಾಲಿಸಿಸ್. ನಾಲ್ಕು ತಾಸು ಅಲುಗಾಡುವಂತಿಲ್ಲ. ಅವಳು ತನ್ನ ಅರ್ಧ ತಾಸಿನ ಊಟದ ಬಿಡುವಿನಲ್ಲಿ ಓಡಿಹೋಗಿ ಅವನಿಗೆ ಎರಡು ತುತ್ತು ತಿನ್ನಿಸಿ, ಮನಸ್ಸಿಗೆ ಬಂದಂತೆ ಬೈದು ಬರುತ್ತಾಳೆ. ಆವತ್ತೂ ಬೈಯುತ್ತಿದ್ದಳು: "ಸೂಜಿ ಚುಚ್ಚಿದ್ರೆ ಮುಖ ಹಿಂಡ್ತೀಯ, ನೀನೇನು ಹಾಲು ಕುಡಿಯೋ ಮಗುನಾ?" ಪಕ್ಕದ ಹಾಸಿಗೆಯವರೆಲ್ಲ ನಗುತ್ತಿದ್ದರು. ನರ್ಸಮ್ಮ ನನಗೆ ಹೇಳಿದರು, "ಈಯಮ್ಮ ಬರದಿದ್ದ ದಿನ ಅವರ ಬಿ.ಪಿ. ಇಳಿದುಹೋಗುತ್ತೆ. ಊಟಾನೇ ಮುಟ್ಟಲ್ಲ. ಬೈಗುಳಾನೇ ಔಷಧಿ."

ಶಾಖಾ ಆಸ್ಪತ್ರೆ ಎರಡು ಬಸ್ಸಿನ ದೂರ. ಅರ್ಧ ತಾಸಿನಲ್ಲಿ ಹೋಗಿಬರುವ ಮಾತೇ ಇಲ್ಲ. "ಸಾಹೇಬ್ರಿಗೆ ಇದನ್ನ ಹೇಳು" ಎಂದೆ. ಅವಳು ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದಳು. "ಬೇಡ ಟೈಲರಣ್ಣಾ. ತಪ್ಪು ಮಾಡಿದೀನಿ, ಆದ್ರೂ ಪಾಪ ಅಂತ ಬಿಟ್ಬಿಡಿ ಅಂದ ಹಂಗಾಗತ್ತೆ. ನಾನು ತಪ್ಪು ಮಾಡಿಲ್ವಲ್ಲ."

ಅವಳಿಲ್ಲದೆ ಲಾಂಡ್ರಿ ಹೇಗಿರುತ್ತದೆ ಎಂದು ನಾವು ಈಗಾಗಲೇ ನೋಡಿದ್ದೇವೆ. ಹೋದ ವರ್ಷದ ಕೊನೆಯಲ್ಲಿ ಅವಳು ನಾಲ್ಕು ದಿನ ಜ್ವರದಲ್ಲಿ ಮಲಗಿದ್ದಳು. ಕಿಟಕಿಯ ಕಡೆ ಉಳಿದವಳು, ರೋಲರಿನ ಕಡೆ ಉಳಿದವಳು, ಇಬ್ಬರೂ ನಡುವೆ ಆರೇ ಹೆಜ್ಜೆ ಅಂತರದಲ್ಲಿ ನಿಂತು, ಒಬ್ಬರ ಮೂಲೆ ಒಬ್ಬರು ಹಿಡಿಯಲೊಲ್ಲದೆ, ಶೀಟಿನ ನಡುವನ್ನು ಗಲ್ಲದ ಕೆಳಗೆ ಒತ್ತಿ ಹಿಡಿದು ಒಬ್ಬೊಬ್ಬರೇ ಮಡಚಿದರು. ನಾಲ್ಕು ದಿನ! ಕತ್ತು ಕೊಂಕಿಸಿಕೊಂಡು, ಕೊಕ್ಕರೆಗಳ ಹಾಗೆ. ಸೋಂಕು ನೋಡುವ ನರ್ಸಮ್ಮ ಬಂದು, ಗಲ್ಲ ಮುಟ್ಟಿದ ಶೀಟು ವಾರ್ಡಿಗೆ ಬೇಡ ಎಂದು ಇಡೀ ಟ್ರಾಲಿ ವಾಪಸು ಕಳಿಸಿದರು. ಆಗಲೂ ಯಾರೂ ಕೂಗಾಡಲಿಲ್ಲ. "ದಯವಿಟ್ಟು ಮತ್ತೊಮ್ಮೆ ಒಗೆಯೋಣ" ಎಂದರು. ತಮ್ಮ ಮಟ್ಟಿಗೆ ಅದು ಅತ್ಯಂತ ಸೌಹಾರ್ದದ ವಾರವಾಗಿದ್ದಿರಬೇಕು.

ಇದನ್ನು ಪತ್ರಿಕೆಗೆ ಏಕೆ ಕೊಟ್ಟೆ, ನೇರವಾಗಿ ಏಕೆ ಕೊಡಲಿಲ್ಲ ಎಂದು ಸಿಟ್ಟಾಗಬೇಡಿ. ಕೊಡಲು ಹೋಗಿದ್ದೆ. ತಮ್ಮ ಕಚೇರಿಯ ಗುಮಾಸ್ತರು ನಿಯಮ ತೋರಿಸಿದರು, ಅಹವಾಲನ್ನು ತನ್ನ ಮೇಲಿನವರ ಮುಖಾಂತರವೇ ಸಲ್ಲಿಸತಕ್ಕದ್ದು. "ನಿಮ್ಮ ಮೇಲಿನೋರು ಯಾರು?" ಎಂದು ಕೇಳಿದರು. ಅದೇ ನನ್ನ ಅಹವಾಲು ಎಂದರೆ ಅವರಿಗೆ ತಿಳಿಯಲಿಲ್ಲ. ಹಿರಿಯಕ್ಕನ ಸಹಿ ಹಾಕಿಸಿದರೆ ಬಾಯ್ಲರಣ್ಣ ಉಳಿದರು, ಬಾಯ್ಲರಣ್ಣನ ಸಹಿ ಹಾಕಿಸಿದರೆ ಹಿರಿಯಕ್ಕ. ಊರಿಗೆಲ್ಲ ಓದಿಸಿದರೆ ಇಬ್ಬರಿಗೂ ಒಟ್ಟಿಗೇ ತಿಳಿಯುತ್ತದೆ, ಯಾರಿಗೂ ಮೊದಲು ಹೇಳಿದಂತಾಗುವುದಿಲ್ಲ. ಇದಕ್ಕಿಂತ ನ್ಯಾಯ ನನಗೆ ಹೊಳೆಯಲಿಲ್ಲ.

ಹಿರಿಯಕ್ಕಾ, ಬಾಯ್ಲರಣ್ಣಾ, ಇದನ್ನು ಓದುತ್ತಿದ್ದರೆ ಕೇಳಿ: ನಿಮ್ಮಿಬ್ಬರಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ಯಾರ ಜಾಗಕ್ಕೂ ಕೈ ಹಾಕಿಲ್ಲ. ಇಬ್ಬರಿಗೂ ಹೇಳಿದ್ದು ನಿಜ. ನನ್ನನ್ನು ಬೈಯುವುದಿದ್ದರೆ ಒಟ್ಟಿಗೇ ಬಂದು ಬೈಯಿರಿ, ಆ ನೆಪದಲ್ಲಾದರೂ ಒಟ್ಟಿಗೆ ಬಂದಂತಾಗುತ್ತದೆ. ಪತ್ರ ಅಚ್ಚಾಗುವ ದಿನ ರಜೆ ಹಾಕೋಣ ಎಂದಿದ್ದೆ. ಹೆಂಡತಿ, "ಹನ್ನೊಂದು ತಿಂಗಳು ರಜೆ ಹಾಕಿದ್ದು ಸಾಲ್ದಾ?" ಎಂದಳು. ಬರುತ್ತೇನೆ.

ಮಾನ್ಯರೇ, ನಾನು ಕೇಳುವುದು ಹೆಚ್ಚಿನದೇನಲ್ಲ. ನಗಾರಿಯ ವರ್ಗಾವಣೆಯನ್ನು ಒಂದನೇ ತಾರೀಖಿನ ಒಳಗೆ ರದ್ದು ಮಾಡಿ. ಕರುಣೆಯಿಂದ ಬೇಡ, ತಪ್ಪಾಗಿದೆ ಎಂದು ಮಾಡಿ. ಆರ್ಡರಿನಲ್ಲಿ ಹಾಗೆಯೇ ಬರೆಯಿರಿ, ಅವಳಿಗೆ ಅದು ಮುಖ್ಯ. ಆಮೇಲೆ ಒಂದು ದಿನ ಬೆಳಿಗ್ಗೆ ಲಿಫ್ಟಿನಲ್ಲಿ ಕೆಳಗೆ ಬನ್ನಿ. ಹಿರಿಯಕ್ಕನನ್ನೂ ಬಾಯ್ಲರಣ್ಣನನ್ನೂ ಎದುರಿಗೆ ನಿಲ್ಲಿಸಿಕೊಂಡು ಯಾರ ಜವಾಬ್ದಾರಿ ಏನು ಎಂದು ಒಂದೇ ಸಲ, ಇಬ್ಬರಿಗೂ ಕೇಳುವಂತೆ, ನಗಾರಿಯಷ್ಟು ಜೋರಾಗಿ ಹೇಳಿ. ಯಾರನ್ನು ಹಿರಿಯರು ಮಾಡಿದರೂ ನಮಗೆ ಒಪ್ಪಿಗೆ. ಒಂದು ವಾರ ಮುನಿಸಿಕೊಂಡಾರು, ಬಾಯಿಬಿಟ್ಟು ಬೈದಾಡಿಯಾರು. ಆಡಲಿ ಬಿಡಿ. ಅದು ನಮಗೆ ಹಬೆ ಹೊರಗೆ ಹೋದ ಸುಖ.

ಇನ್ನೊಂದೇ ಒಂದು ಸಣ್ಣ ಸಂಗತಿ. ನಿನ್ನೆ ತಮ್ಮ ವರದಿಯನ್ನು ನಮ್ಮ ಬೋರ್ಡಿಗೆ ಅಂಟಿಸಿದರು. ಅದರ ಎರಡನೇ ಪುಟದಲ್ಲಿ, "ಹನ್ನೆರಡು ಚೀಟಿಗಳಲ್ಲಿ ಹನ್ನೆರಡೂ ಒಬ್ಬರನ್ನೇ ಸೂಚಿಸಿವೆ" ಎಂದಿದೆ. ಹನ್ನೆರಡನೆಯ ಚೀಟಿ ಅವಳದೇ ಅಲ್ಲವೇ? ನನಗೆ ಗಾಬರಿಯಾಗಿ ಹೋಗಿ ಕೇಳಿದೆ. "ನೀನೂ ನಿನ್ನ ಹೆಸರೇ ಬರೆದ್ಯೇನೇ?" ಎಂದೆ. ಅವಳು ಶೀಟು ಝಾಡಿಸುತ್ತ, "ನಂಗೇನು ತಲೆ ಕೆಟ್ಟಿದ್ಯಾ? ಪೆನ್ ಬರೀಲಿಲ್ಲ ಅಂತ ಬಟ್ಟೆಗೆ ಗುರುತು ಹಾಕೋ ಶಾಯಿಲಿ ದೊಡ್ಡದಾಗಿ ಬರೆದೆ, 'ಮೇಲಿನ ಸಾಹೇಬರು' ಅಂತ. ಯಾರು ಹಿರಿಯರು ಅಂತ ಹೇಳ್ದೆ ಹೋದೋರು ಅವ್ರೇ ತಾನೇ?" ಎಂದಳು. ನಾನು ಹನ್ನೊಂದು ತಿಂಗಳು ಬಚ್ಚಿಟ್ಟದ್ದನ್ನು ಅವಳು ಯಾರೂ ಹೇಳದೆ ಮೂರು ನಿಮಿಷದಲ್ಲಿ ಬರೆದಿದ್ದಳು. ಎಣಿಸಿದವರು ಬಹುಶಃ ಅದನ್ನೂ ಕೂಗಾಟ ಎಂದುಕೊಂಡು ಅವಳ ಲೆಕ್ಕಕ್ಕೇ ಸೇರಿಸಿರಬೇಕು. ಆದ್ದರಿಂದ ಚೀಟಿಗಳನ್ನು ಹಾಕಿಟ್ಟ ಲಕೋಟೆಯನ್ನು ತಾವೇ ಬಿಚ್ಚಿ ಆ ಒಂದು ಚೀಟಿಯನ್ನು ಇನ್ನೊಮ್ಮೆ ನೋಡಬೇಕಾಗಿ ಬೇಡಿಕೊಳ್ಳುತ್ತೇನೆ. ಹುಡುಕುವುದು ಕಷ್ಟವಲ್ಲ, ಕಪ್ಪಗೆ, ದಪ್ಪಗೆ ಇರುತ್ತದೆ. ಆ ಶಾಯಿ ಎಷ್ಟು ಒಗೆದರೂ ಹೋಗುವುದಿಲ್ಲ.

ಇಂತಿ,
ಹನ್ನೊಂದು ಚೀಟಿಗಳಲ್ಲಿ ಒಂದನ್ನು ಬರೆದು, ಅಂದಿನಿಂದ ನೆಟ್ಟಗೆ ಒಂದು ಹೊಲಿಗೆ ಹಾಕಲಾಗದ
ನೆಲಮಾಳಿಗೆಯ ದರ್ಜಿ